ನರಗುಂದದ ಹಿಂದಿನ ಮೆಟ್ಟಿಲು

ಔಷಧಿ ಅಂಗಡಿ ಇಟ್ಟುಕೊಂಡವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಅದು ತಾನಾಗಿ ಬಂದು ಕೌಂಟರಿಗೆ ಮೊಣಕೈ ಊರಿ ನಿಲ್ಲುತ್ತದೆ. ರೋಣದಲ್ಲಿ ನನ್ನದು ಅಂಥದೊಂದು ಅಂಗಡಿ. ಕೆಮ್ಮಿನ ಔಷಧಿಗೆ ಬಂದವರು ಮನೆಯ ಜಗಳ ಹೇಳುತ್ತಾರೆ, ತಲೆನೋವಿನ ಗುಳಿಗೆಗೆ ಬಂದವರು ತಲೆನೋವು ಯಾರಿಂದ ಬಂತು ಎಂಬುದನ್ನೂ ಹೇಳುತ್ತಾರೆ. ಊರಿನ ಗುಟ್ಟೆಲ್ಲ ನನ್ನ ಹೊಟ್ಟೆಯಲ್ಲಿ. ನನ್ನದೂ ಒಂದು ಗುಟ್ಟಿತ್ತು. ಅದನ್ನು ಹೇಳಿಕೊಳ್ಳಲು ಮಾತ್ರ ನನಗೆ ಯಾವ ಅಂಗಡಿಯೂ ಇರಲಿಲ್ಲ.

ಅದೇನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಏನೇನೋ ಊಹಿಸುತ್ತೀರಿ. ಐವತ್ತು ದಾಟಿದ ಮೇಲೆ, ಹೆಂಡತಿಯ ಹತ್ತಿರ ಹೋದಾಗ ನನ್ನ ದೇಹ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಮೊದಲ ಸಲ ದಣಿವು ಅಂದೆ. ಇನ್ನೊಂದು ಸಲ ಸೆಕೆ ಅಂದೆ. ಚಳಿಗಾಲ ಬಂದ ಮೇಲೆ ಆ ನೆವವೂ ನಡೆಯಲಿಲ್ಲ. ಬೆನ್ನುನೋವು ಅಂತ ಹೇಳಿ ಹಾಸಿಗೆಯನ್ನು ಪಡಸಾಲೆಗೆ ಒಯ್ದೆ. ಅವಳು ಬೆನ್ನಿಗೆ ಹಚ್ಚಲು ಎಣ್ಣೆ ಬಿಸಿ ಮಾಡಿ ತಂದಿಟ್ಟು ಒಳಗೆ ಹೋದಳು. ಮಗಳು ಮದುವೆಯಾಗಿ ಹೋಗಿದ್ದಾಳೆ, ಮನೆಯಲ್ಲಿ ನಾವಿಬ್ಬರೇ. ಅವತ್ತಿನಿಂದ ನಾವಿಬ್ಬರೂ ಒಬ್ಬೊಬ್ಬರೇ ಆದೆವು.

೧. ಬೇಬಿ ಪೌಡರ್

ನಮ್ಮ ಕಡೆ ಒಂದು ಪದ್ಧತಿ ಇದೆ. ಗಂಡಸರ ಆ ಗುಳಿಗೆಯನ್ನು ಯಾರೂ ತಮ್ಮ ಊರಿನಲ್ಲಿ ಕೊಳ್ಳುವುದಿಲ್ಲ. ರೋಣದವರು ಗಜೇಂದ್ರಗಡಕ್ಕೆ ಹೋಗುತ್ತಾರೆ, ಗಜೇಂದ್ರಗಡದವರು ನರಗುಂದಕ್ಕೆ ಹೋಗುತ್ತಾರೆ, ನರಗುಂದದವರು ರೋಣಕ್ಕೆ ಬರುತ್ತಾರೆ. ಈ ಮೂರು ಊರಿನ ನಡುವೆ ಓಡಾಡುವ ಬಸ್ಸುಗಳು ತುಂಬುವುದೇ ಇವರಿಂದ ಎಂದು ನನ್ನ ಗುಮಾನಿ.

ಹಾಗೆ ನರಗುಂದದ ಕಡೆಯಿಂದ ಒಬ್ಬ ಬಂದ. ಡಾಕ್ಟರ ಚೀಟಿಯನ್ನು ಅಡಿಕೆಯಷ್ಟು ಸಣ್ಣಗೆ ಮಡಚಿ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ. ಕೊಡಬೇಕು ಅನ್ನುವುದರೊಳಗೆ ಜಕ್ಕಲಿಯ ಅಜ್ಜಿಯೊಬ್ಬಳು ಬಂದು ಪಕ್ಕದಲ್ಲಿ ನಿಂತಳು. ಅವನು ಚೀಟಿಯನ್ನು ಕಿಸೆಗೆ ಇಳಿಸಿ, "ಒಂದು ಕೆಮ್ಮಿನ ಔಷಧಿ ಕೊಡ್ರಿ" ಅಂದ. ಅಜ್ಜಿ ಕದಲಲಿಲ್ಲ. "ಒಂದು ಬಾಮ್ ಕೊಡ್ರಿ" ಅಂದ. ಅಜ್ಜಿ ಅಲ್ಲೇ ಸ್ಟೂಲಿನ ಮೇಲೆ ಕೂತು ಎಲೆ ಅಡಿಕೆ ತೆಗೆದಳು. ಅವನು ಕಂಗೆಟ್ಟು ಕಣ್ಣಿಗೆ ಬಿದ್ದದ್ದನ್ನೆಲ್ಲ ಕೇಳುತ್ತ ಹೋದ. ಬ್ಯಾಂಡೇಜು ಆಯಿತು, ಹಲ್ಲುಪುಡಿ ಆಯಿತು, ಕೊನೆಗೆ ಬೇಬಿ ಪೌಡರ್ ಡಬ್ಬಿಗೆ ಕೈ ತೋರಿಸಿದ.

ಅಜ್ಜಿಯ ಮುಖ ಅರಳಿತು. "ಮನ್ಯಾಗ ಕೂಸು ಐತೇನೋ ಯಪ್ಪಾ?"

"ಇನ್ನೂ ಇಲ್ಲಬೇ," ಅಂದ ಅವನು ಅಳುಮೋರೆ ಮಾಡಿ, "ಅದರ ಸಲುವಾಗಿನಽ ಇಷ್ಟು ದೂರ ಬಂದೇನಿ."

ಮೊದಲಾಗಿದ್ದರೆ ಇಂಥದ್ದನ್ನು ಮನೆಗೆ ಹೋದ ಕೂಡಲೇ ಹೆಂಡತಿಗೆ ಹೇಳುತ್ತಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಗುತ್ತಿದ್ದಳು. ಈಗ ಈ ಸುದ್ದಿಯನ್ನು ಅವಳ ಮುಂದೆ ಎತ್ತುವುದು ಹೇಗೆ? ನುಂಗಿಕೊಂಡು ಉಂಡು ಮಲಗಿದೆ.

೨. ಊರಲ್ಲಿಲ್ಲದ ಹೆಂಡತಿ

ಕಡೆಗೆ ನಾನೂ ಬಸ್ಸು ಹತ್ತಿದೆ. ಪದ್ಧತಿಯ ಪ್ರಕಾರ ನಾನು ಗಜೇಂದ್ರಗಡಕ್ಕೆ ಹೋಗಬೇಕು. ಆದರೆ ಅದು ನನ್ನ ಹೆಂಡತಿಯ ತವರು. ಅಲ್ಲಿ ನಾನು ಬಸ್ಸಿನಿಂದ ಇಳಿದರೆ ಕೈಹಿಡಿದು ಎಳೆದೊಯ್ದು ಚಹಾ ಕುಡಿಸುವವರೇ ಎಲ್ಲ. ಹಾಗಾಗಿ ನರಗುಂದಕ್ಕೆ ಹೋದೆ.

ಅಲ್ಲಿ ಗುರುವಾರ ಗುರುವಾರ ಹುಬ್ಬಳ್ಳಿಯಿಂದ ಒಬ್ಬ ಡಾಕ್ಟರು ಬರುತ್ತಾರೆ. ತಲೆ ಪೂರ್ತಿ ಬೆಳ್ಳಗಾದ ಹೆಣ್ಣುಮಗಳು, ಎಲ್ಲರೂ ಮೇಡಂ ಅನ್ನುತ್ತಾರೆ. ಮುಂದಿನ ರಸ್ತೆಯಲ್ಲಿ ಬಿ.ಪಿ., ಶುಗರ್, ಹೃದಯ ಅಂತ ದೊಡ್ಡ ಬೋರ್ಡು, ಅಗಲವಾದ ಮೆಟ್ಟಿಲು. ಅಲ್ಲಿ ಹತ್ತುವವರು ಶುಗರಿನವರು. ಹಿಂದಿನ ಓಣಿಯಲ್ಲಿ, ಚಹಾದ ಅಂಗಡಿಯ ಮಗ್ಗುಲಿಗೆ, ಇಕ್ಕಟ್ಟಾದ ಇನ್ನೊಂದು ಮೆಟ್ಟಿಲಿದೆ. ಅದಕ್ಕೆ ಬೋರ್ಡಿಲ್ಲ. ಅಲ್ಲಿ ಹತ್ತುವವರು ಯಾರೆಂದು ಹೇಳಬೇಕಾಗಿಲ್ಲ. ಅವರೆಲ್ಲ ಹಿಂದಿನ ಕೋಣೆಯಲ್ಲಿ ಮುಖಕ್ಕೆ ಮಾಸ್ಕು ಹಾಕಿಕೊಂಡು ಗೋಡೆಗೆ ಅಂಟಿ ಕೂರುತ್ತಾರೆ. ಕರೋನಾ ಎಲ್ಲ ಕಡೆ ಮುಗಿಯಿತು, ಆ ಕೋಣೆಯಲ್ಲಿ ಮಾತ್ರ ಇನ್ನೂ ಇದೆ.

ಮೇಡಂ ನನ್ನ ರಕ್ತದ ರಿಪೋರ್ಟು ನೋಡಿ ಕನ್ನಡಕ ಕೆಳಗಿಳಿಸಿದರು. "ಏನ್ ಉದ್ಯೋಗ?"

"ಔಷಧಿ ಅಂಗಡಿ ಐತ್ರಿ."

"ಕೊಲೆಸ್ಟ್ರಾಲ್ ಗುಳಿಗಿ ಮಾರ್ತೀರೇನು?"

"ದಿನಾ ಮಾರ್ತೇನ್ರಿ."

"ಇದಕ್ಕಿಂತ ಮೊದಲ ನಿಮ್ಮ ರಕ್ತ ಒಮ್ಮೆರೆ ತಪಾಸ ಮಾಡ್ಸಿದ್ರಿ?"

ನಾನು ತಿರುಗುವ ಫ್ಯಾನು ನೋಡಿದೆ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. "ರಕ್ತದ ನಾಳದಾಗ ಜಿಡ್ಡು ಕುಂತೈತಿ. ರಕ್ತ ಹೋಗಬೇಕಾದಲ್ಲಿ ಹೋಗವಲ್ದು. ಅಲ್ಲಿ ನಾಳ ಸಣ್ಣು, ಅದಕ್ಕ ಅಲ್ಲಿ ಮೊದಲ ಗೊತ್ತಾತು. ಎದಿಯಾಗ ಗೊತ್ತಾಗೋದ್ರೊಳಗ ಬಂದೀರಿ, ಚಲೋ ಆತು. ಎಣ್ಣಿ, ತುಪ್ಪ, ಕರದದ್ದು ಬಂದ್ ಮಾಡ್ರಿ. ದಿನಾ ನಡೀರಿ. ಈ ಗುಳಿಗಿ ಬಿಡಬ್ಯಾಡ್ರಿ. ಮತ್ತ ಮುಂದಿನ ಸಲ ಮನಿಯವರನ್ನ ಕರಕೊಂಡ ಬರ್ರಿ. ಅವರಿಗೂ ತಿಳೀಬೇಕು."

"ಆಕಿ ಊರಾಗಿಲ್ರಿ" ಅಂದೆ.

ಮುಂದಿನ ತಿಂಗಳು ಕೇಳಿದರು. "ಇನ್ನೂ ಬಂದಿಲ್ರಿ" ಅಂದೆ. ಅದರ ಮುಂದಿನ ತಿಂಗಳು ಕೇಳಿದಾಗ, "ತವರಮನ್ಯಾಗ ಅದಾಳ್ರಿ" ಅಂದೆ. ಮೇಡಂ ಪೆನ್ನು ಕೆಳಗಿಟ್ಟು ಮರುಕದಿಂದ ಕೇಳಿದರು, "ಅಯ್ಯ ಪಾಪ, ಇಷ್ಟು ದಿನ ನಿಮಗ ಊಟಕ್ಕ ಯಾರು ನೀಡ್ತಾರ?"

"ಆಕೀನಽ ನೀಡ್ತಾಳ್ರಿ" ಅಂದುಬಿಟ್ಟೆ.

೩. ಮಾಸ್ತರರ ಇಲಿ

ಬೆಳವಣಕಿಯ ನಿವೃತ್ತ ಮಾಸ್ತರರೊಬ್ಬರು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನ ಅಂಗಡಿಗೆ ಬಂದು ಕೂರುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಮೊಬೈಲು ಮತ್ತು ಭಜನಾ ಮಂಡಳಿ ಎರಡೇ ದಿಕ್ಕು. ಭಜನೆಯ ದಿನ ಗಾಂಜಾ ಸೊಪ್ಪು ಅರೆದ ಭಂಗಿಯನ್ನು ಒಂದಿಷ್ಟು ಕುಡಿಯುವುದೂ ಉಂಟು. ಉಳಿದ ದಿನ ಮೊಬೈಲು ನೋಡುತ್ತಾರೆ. ಎರಡರ ಪರಿಣಾಮವೂ ಹೆಚ್ಚುಕಡಿಮೆ ಒಂದೇ.

ಒಂದು ದಿನ ಮೊಬೈಲು ಮೂಗಿಗೆ ಹಿಡಿದು, "ಸಾವ್ಕಾರ್ರ, ಕೇಳ್ರಿಲ್ಲಿ. ಕೊಲೆಸ್ಟ್ರಾಲ್ ಏರಿ ಗಂಡಸ್ತನ ಹೋದ ಇಲಿಗಳಿಗೆ, ಗಾಂಜಾದಾಗ ಇರ್ತಾವಲ್ಲ, ಕ್ಯಾನಬಿನಾಯ್ಡ್ ಅಂತ, ಅಂಥಾದ್ದು ಕೊಟ್ರಂತ. ಸುಧಾರಿಸಿದುವಂತ" ಅಂದರು.

ನನ್ನ ಕೈಯಲ್ಲಿದ್ದ ಬಾಟಲಿ ಅಲ್ಲೇ ನಿಂತಿತು. ಆದರೂ ನನಗೇನೂ ಸಂಬಂಧವಿಲ್ಲದವನ ಹಾಗೆ ಕೇಳಿದೆ, "ಇಲಿಗೆ ಕೊಲೆಸ್ಟ್ರಾಲ್ ಹ್ಯಾಂಗ ಏರ್ತ್ರಿ?"

"ಜಿಡ್ಡು ತಿನಿಸಿ ಅವರಽ ಏರಿಸ್ಯಾರ."

"ಯಾರು?"

"ವಿಜ್ಞಾನಿಗಳು."

"ಅಂದ್ರ ಅವರಽ ಕೆಡಿಸಿ ಅವರಽ ರಿಪೇರಿ ಮಾಡಿದ್ರು."

"ರಿಪೇರಿ ಆತಲ್ರೀ, ಅದು ಮುಖ್ಯ" ಅಂದರು ಮಾಸ್ತರರು.

ಅವರು ಹೋದ ಮೇಲೂ ನನಗೆ ಆ ಇಲಿಯದೇ ಚಿಂತೆ. ಆ ಇಲಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೇನು ತೊಂದರೆ ಅಂತ ಸುತ್ತಲಿದ್ದವರಿಗೆಲ್ಲ ಗೊತ್ತಿತ್ತಲ್ಲ. ಅದು ಯಾರಿಗೂ ಸುಳ್ಳು ಹೇಳಿ ಪಡಸಾಲೆಯಲ್ಲಿ ಮಲಗಬೇಕಾಗಿರಲಿಲ್ಲ.

ಗುರುವಾರ ಮೇಡಂ ಹತ್ತಿರ ವಿಷಯ ತೆಗೆದೆ. "ನನ್ನ ಗೆಳೆಯಾ ಒಬ್ಬಾಂವ ಕೇಳ್ಯಾನ್ರಿ" ಅಂತ ಶುರು ಮಾಡಿದೆ.

"ಗಾಂಜಾದಾಗ ಒಂದಲ್ಲ, ಎಷ್ಟೋ ಥರದ ಅಂಶ ಅದಾವ," ಅಂದರು ಅವರು. "ಒಂದೆರಡರಿಂದ ಇಲಿ ನಾಳದಾಗಿನ ಹಾನಿ ಕಡಿಮಿ ಆಗಿರಬಹುದು. ಅದನ್ನ ಹಿಡಕೊಂಡು ಮನುಷ್ಯಾ ಭಂಗಿ ಕುಡದ್ರ, ಗಾಂಜಾ ಸೇದಿದ್ರ ಚಲೋ ಆಗ್ತೈತಿ ಅನ್ನಾಕ ಬರೂದಿಲ್ಲ. ಉಲ್ಟಾ ಕೆಡೋದೂ ಐತಿ. ನಿಮ್ಮ ಗೆಳೆಯಾಗ ಇಲ್ಲೇ ಬರಾಕ ಹೇಳ್ರಿ."

"ಅವಾ ಊರಾಗಿಲ್ರಿ."

"ಅಲ್ರೀ," ಅಂದರು ಮೇಡಂ, "ನಿಮ್ಮ ಊರಾಗ ಇರೋರರೆ ಯಾರು?"

೪. ಚಲೋ ಅಳುವವರು

ಅವರು ಅಷ್ಟು ಹೇಳಿದ ಮೇಲೆ ಬುದ್ಧಿ ಇದ್ದವನು ಸುಮ್ಮನಿರಬೇಕು. ಹೋಳಿ ಹುಣ್ಣಿಮೆ ಬಂತು. ನಮ್ಮ ಓಣಿಯಲ್ಲಿ ಕಾಮಣ್ಣನನ್ನೂ ರತಿಯನ್ನೂ ಮಗ್ಗುಲಿಗೆ ಮಗ್ಗುಲು ಕೂಡಿಸಿದ್ದರು. ನೋಡಿ ಮನಸ್ಸಿಗೆ ಏನೋ ಆಯಿತು. ಅಷ್ಟರಲ್ಲಿ ಮಾಸ್ತರರು ತಂಬಿಗೆಯಲ್ಲಿ ಭಂಗಿ ಹಾಲು ಹಿಡಿದುಕೊಂಡು ಬಂದರು. ನನಗೆ ಇಲಿ ನೆನಪಾಯಿತು. ಕುಡಿದೆ.

ಇವತ್ತು ಮನೆಗೆ ಹೋಗಿ ಅವಳ ಮುಂದೆ ಕೂತು ಎಲ್ಲ ಹೇಳಿಬಿಡುತ್ತೇನೆ, ಆಮೇಲೆ ದೇವರು ಇಟ್ಟ ಹಾಗೆ ಅಂತ ಎದ್ದೆ. ಆದರೆ ಕಾಲುಗಳು ಮನೆಯ ಕಡೆ ಹೋಗಲಿಲ್ಲ, ಮೂಗು ಹೇಳಿದ ಕಡೆ ಹೋದವು. ಹಸಿವೆಂದರೆ ಎಂಥ ಹಸಿವು! ಮಿರ್ಚಿ ಭಜಿಯ ಗಾಡಿಯ ಮುಂದೆ ನಿಂತು ಒಂದು ಬುಟ್ಟಿ ಖಾಲಿ ಮಾಡಿದೆ. ಗಿರಮಿಟ್ಟು ತಿಂದೆ, ಮತ್ತೆ ಭಜಿಗೆ ಬಂದೆ. ಮೇಡಂ ತಿಂಗಳುಗಟ್ಟಲೆ ಇಳಿಸಿದ್ದ ಕೊಲೆಸ್ಟ್ರಾಲನ್ನು ಒಂದು ತಂಬಿಗೆ ಭಂಗಿ ಒಂದೇ ಸಂಜೆಯಲ್ಲಿ ವಾಪಸ್ಸು ಕರೆತಂದಿತು. ಆ ಇಲಿಯ ಮುಂದೆ ಭಜಿಯ ಗಾಡಿ ಇರಲಿಲ್ಲ. ಅದಕ್ಕೇ ಅದು ಸುಧಾರಿಸಿತು ಅಂತ ನನಗೆ ಅಲ್ಲಿ ನಿಂತಾಗ ಹೊಳೆಯಿತು.

ಅಷ್ಟರಲ್ಲಿ ಹಲಗೆ ಬಾರಿಸಿಕೊಂಡು ಕಾಮಣ್ಣನನ್ನು ಸುಟ್ಟರು. ಓಣಿಯ ಜನ ವಾಡಿಕೆಯಂತೆ ಬಾಯಿ ಬಡಿದುಕೊಂಡು, ಕಾಮಣ್ಣ ಸತ್ತ ಅಂತ ಸುಳ್ಳು ಸುಳ್ಳೇ ಅಳತೊಡಗಿದರು. ನಾನೂ ನಿಂತು ಬಾಯಿ ಬಡಿದುಕೊಂಡೆ. ಆಮೇಲೆ ನೋಡುತ್ತೇನೆ, ಕಣ್ಣಲ್ಲಿ ನೀರು ನಿಜವಾಗಿ ಬರುತ್ತಿದೆ. ಉಳಿದವರು ನಿಲ್ಲಿಸಿದರು, ನನಗೆ ನಿಲ್ಲಿಸಲಾಗಲಿಲ್ಲ. ರತಿಯ ಬೊಂಬೆಯನ್ನು ಒಬ್ಬಳನ್ನೇ ಪಕ್ಕಕ್ಕೆ ಎತ್ತಿಟ್ಟಿದ್ದರು. ಅದನ್ನು ನೋಡಿ ಇನ್ನೂ ಜೋರಾಗಿ ಅತ್ತೆ.

ಓಣಿಯ ಹಿರಿಯರು ಬಂದು ಬೆನ್ನು ತಟ್ಟಿದರು. "ಸಾವ್ಕಾರ್ರು ಭಾಳ ಚಲೋ ಅಳ್ತಾರ್ರಿ. ಮುಂದಿನ ವರ್ಷ ಮೊದಲಿಗೆ ಇವರನ್ನಽ ನಿಲ್ಲಿಸೋಣು."

ಮನೆಗೆ ಹೋದೆ. ಹುಣ್ಣಿಮೆಗೆಂದು ಅವಳು ಹೋಳಿಗೆ ಮಾಡಿ, ತಾನೂ ಉಣ್ಣದೆ ಕಾಯುತ್ತಿದ್ದಳು. "ಹೊಟ್ಟಿ ತುಂಬೈತಿ" ಅಂದೆ. ಅವಳು ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ಎದ್ದು ಹೋದಳು.

೫. ಗಂಡು ನಾಯಿ

ನಾನು ಪಥ್ಯವನ್ನು ಮತ್ತೆ ಬಿಗಿ ಮಾಡಿದೆ. ಅವಳಿಗೆ ಕಾರಣ ಗೊತ್ತಿಲ್ಲ. ನಾನು ಬೇಡ ಅಂದಷ್ಟೂ ಅವಳು ತುಪ್ಪ ಹೆಚ್ಚು ಹಾಕಿದಳು. ಅವಳು ಇನ್ನೇನು ಮಾಡಿಯಾಳು, ಮಾತಿಲ್ಲದ ಮನೆಯಲ್ಲಿ ಅವಳ ಕೈಯಲ್ಲಿ ಉಳಿದದ್ದು ಅದೊಂದೇ. ಅಂಗಡಿಗೆ ಕಳಿಸುವ ಡಬ್ಬಿಯಲ್ಲಿ ರೊಟ್ಟಿ, ಪಲ್ಯದ ಕೆಳಗೆ ತುಪ್ಪದಲ್ಲಿ ಮುಳುಗಿದ ಹೋಳಿಗೆ ಇರುತ್ತಿತ್ತು. ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ. ಅಂಗಡಿಯ ಮುಂದೆ ಮಲಗುವ ನಾಯಿಗೆ ಹಾಕುತ್ತಿದ್ದೆ.

ನಾನು ಇಳಿದೆ, ನಾಯಿ ಏರಿತು. ರಾಜೂರಿನ ಗಿರಾಕಿಯೊಬ್ಬರು ಅದರ ಹೊಟ್ಟೆ ನೋಡಿ, "ಮರಿ ಹಾಕಿದ್ರ ನನಗೊಂದು ಇಡ್ರಿ ಸಾವ್ಕಾರ್ರ" ಅಂದರು.

"ಅದು ಗಂಡು ನಾಯ್ರಿ" ಅಂದೆ.

ಒಂದು ದಿನ ಡಬ್ಬಿಯ ಜೊತೆ ಮಜ್ಜಿಗೆ ಕಳಿಸುವುದನ್ನು ಮರೆತಳಂತೆ. ತಾನೇ ಅಂಗಡಿಗೆ ತಂದಳು. ನಾನು ಮೆಟ್ಟಿಲ ಮೇಲೆ ಕೂತು ನಾಯಿಗೆ ಹೋಳಿಗೆ ಮುರಿದು ಹಾಕುತ್ತಿದ್ದೆ. ಅವಳು ನನ್ನನ್ನು ನೋಡಿದಳು, ನಾಯಿಯನ್ನು ನೋಡಿದಳು, ಮಜ್ಜಿಗೆಯನ್ನು ಕೌಂಟರಿನ ಮೇಲೆ ಇಟ್ಟಳು.

"ಹೋಗ್ಲಿ ಬಿಡ್ರಿ," ಅಂದಳು, "ನಾಯಿಗರೆ ಸೇರ್ತೈತೆಲ್ಲ."

ಆವತ್ತು ಹೇಳಬೇಕಿತ್ತು. ಗಿರಾಕಿ ಬಂದ, ನಾನು ಎದ್ದು ಒಳಗೆ ಹೋದೆ.

೬. ಪಾಳಿ

ಇಷ್ಟಾದ ಮೇಲೆ ಅವಳು ಕುಳಿತು ಯೋಚನೆ ಮಾಡಿದಳಂತೆ. ಹಾಸಿಗೆ ಬೇರೆ ಆಯಿತು. ಮನೆಯ ಊಟ ಸೇರುವುದಿಲ್ಲ. ಮಾಲು ತರುತ್ತೇನೆ ಅಂತ ತಿಂಗಳಿಗೊಮ್ಮೆ ಗುರುವಾರ ನರಗುಂದಕ್ಕೆ ಹೋಗುವ ಮನುಷ್ಯ ಖಾಲಿ ಚೀಲ ಹಿಡಿದುಕೊಂಡು ಬರುತ್ತಾನೆ. ಇವೆಲ್ಲವನ್ನೂ ಕೂಡಿಸಿದರೆ ಯಾವ ಹೆಂಡತಿಗೂ ಬರುವ ಉತ್ತರ ಒಂದೇ: ನರಗುಂದದಲ್ಲಿ ಯಾರೋ ಇದ್ದಾಳೆ.

ಆ ಗುರುವಾರ ಅವಳು ನನ್ನ ಬಸ್ಸಿನಲ್ಲೇ ಬಂದಳು. ಹೆಂಗಸರ ಸೀಟಿನಲ್ಲಿ ಸೆರಗು ಹೊದ್ದು ಕೂತವಳು ನನ್ನ ಹೆಂಡತಿ ಅಂತ ನನಗೆ ಗೊತ್ತಾಗಲಿಲ್ಲ. ನನ್ನ ಮುಖ ನಾನು ಮುಚ್ಚಿಕೊಂಡಿದ್ದೆ, ಅವಳ ಮುಖ ಅವಳು ಮುಚ್ಚಿಕೊಂಡಿದ್ದಳು.

ನಾನು ಹಿಂದಿನ ಓಣಿಗೆ ತಿರುಗಿ ಬೋರ್ಡಿಲ್ಲದ ಮೆಟ್ಟಿಲು ಹತ್ತಿದ್ದನ್ನು ನೋಡಿ ಅವಳು ಚಹಾದ ಅಂಗಡಿಯವನನ್ನು ಕೇಳಿದಳು, "ಮ್ಯಾಲೆ ಯಾರದಾರಪಾ?"

"ಮೇಡಂ ಅದಾರ್ರಿ."

"ಗಂಡಸರು ಬರ್ತಾರೇನು?"

"ಈ ಕಡೆ ಬರೇ ಗಂಡಸರಽ ಬರ್ತಾರ್ರಿ. ಮಾರಿ ಮುಚ್ಚಿಕೊಂಡು ಹತ್ತತಾರ, ನೆಲಾ ನೋಡ್ಕೊಂತ ಇಳೀತಾರ."

ಮೇಲೆ ನಾವೆಲ್ಲ ಸಾಲಾಗಿ ಕೂತಿದ್ದೆವು. ಬಾಗಿಲು ದಡ್ ಅಂತ ತೆರೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಹೆಂಡತಿ ನಿಂತಿದ್ದಳು. "ಎಲ್ಲಿದಾಳ ಆಕಿ?"

ನಾನು ಮೂಲೆಯಲ್ಲಿ ಗೋಡೆಯೊಳಗೆ ಹೋಗಲು ನೋಡಿದೆ. ಬಾಗಿಲ ಹತ್ತಿರ ಕೂತಿದ್ದ ಮುದುಕರೊಬ್ಬರು ಸಮಾಧಾನದಿಂದ ಹೇಳಿದರು, "ಒಳಗದಾರ ತಂಗಿ. ಪಾಳಿ ಐತಿ, ಕೂಡು. ನಾವೆಲ್ಲಾ ಅವರ ಸಲುವಾಗಿನಽ ಮುಂಜಾನಿಂದ ಕುಂತೀವಿ."

ಅವಳ ಬಾಯಿ ತೆರೆದದ್ದು ಹಾಗೇ ಉಳಿಯಿತು. ಮುದುಕರ ಮಾತು ಕೇಳಿ ಅಲ್ಲ, ಅವರ ದನಿ ಕೇಳಿ. "ಸಣ್ಣ ಕಾಕಾ?"

ಗಜೇಂದ್ರಗಡದವರು ನರಗುಂದಕ್ಕೆ ಹೋಗುತ್ತಾರೆ ಅಂತ ನಾನು ಮೊದಲೇ ಹೇಳಿದ್ದೆನಲ್ಲ. ಆ ಕೋಣೆಯಲ್ಲಿ ನನ್ನ ಹೊರತು ಕೂತವರೆಲ್ಲ ಅವಳ ತವರಿನವರು. ಕಾಕಾ, ಅಂದರೆ ಅವಳ ಚಿಕ್ಕಪ್ಪ, ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡರು, ಪ್ರಯೋಜನವಾಗಲಿಲ್ಲ. ಅವಳು ಪಕ್ಕದವರತ್ತ ತಿರುಗಿದಳು. "ನೀವು ಸೀರಿ ಅಂಗಡಿ ಮಾಮಾ ಅಲ್ಲೇನ್ರಿ? ಆರಾಮ ಅದೀರಿ? ಅತ್ತಿಯವರು ಬಂದಿಲ್ಲೇನು?" ಅವರು ಆರಾಮ ಅಂತಲೂ ಅನ್ನಲಾರದೆ, ಅಲ್ಲ ಅಂತಲೂ ಅನ್ನಲಾರದೆ ಎದ್ದು ನಿಂತರು. ಅವರ ಪಕ್ಕದವರು ಅವಳ ಗೆಳತಿಯ ಗಂಡ. ಒಬ್ಬರ ಹಿಂದೆ ಒಬ್ಬರು ಎದ್ದು ಬಾಗಿಲು ಸಿಕ್ಕ ಕಡೆ ಹೋದರು. ಸಿಕ್ಕದ್ದು ಮುಂದಿನ ಬಾಗಿಲು. ಆ ಜನ ಮುಂದಿನ ಮೆಟ್ಟಿಲು ತುಳಿದದ್ದು ಅದೇ ಮೊದಲು.

ಕೋಣೆ ಖಾಲಿಯಾಯಿತು. ಅವಳು ಬಂದು ನನ್ನ ಮಾಸ್ಕು ಕೆಳಗೆ ಎಳೆದಳು. "ಯಾರಾಕಿ?"

"ಯಾರೂ ಇಲ್ಲ," ಅಂದೆ. "ಡಾಕ್ಟರು ಅದಾರ. ನನ್ನ ಬೆನ್ನ ನೋವು ಸುಳ್ಳು. ನನ್ನ ಕಡಿಂದ ಆಗವಲ್ದಾತು. ರಕ್ತದಾಗ ಕೊಲೆಸ್ಟ್ರಾಲ್ ಏರೈತಿ, ಅದ್ರಿಂದ ಹಿಂಗಾತು. ತುಪ್ಪ ಬಿಟ್ಟದ್ದೂ ಅದಕ್ಕಽ. ನಿನಗ ಹ್ಯಾಂಗ ಹೇಳ್ಲಿ ಅಂತ ತಿಳೀಲಿಲ್ಲ."

ಅವಳು ಕಾಕಾ ಬಿಟ್ಟುಹೋದ ಕುರ್ಚಿಯ ಮೇಲೆ ಕೂತಳು. "ಇಷ್ಟಽ ಏನ್ರಿ?" ಅಂದಳು. ಆಮೇಲೆ ದನಿ ಒಡೆಯಿತು. "ನಾ ನಿಮಗ ಬ್ಯಾಡಾದೆ ಅಂತ ತಿಳಕೊಂಡಿದ್ದೆ. ಕನ್ನಡಿ ನೋಡೂದನ್ನಽ ಬಿಟ್ಟಿದ್ದೆ."

ನಾನು ಒಬ್ಬನೇ ಆಗಿದ್ದೇನೆ ಅಂತ ಅಷ್ಟು ದಿನ ನನ್ನ ಮೇಲೆ ನಾನೇ ಮರುಗುತ್ತಿದ್ದೆ. ಗೋಡೆಯ ಆಚೆ ಅವಳು ಏನನ್ನು ನುಂಗಿಕೊಂಡು ಮಲಗುತ್ತಿದ್ದಳು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ನನ್ನ ಕಣ್ಣೂ ತುಂಬಿತು.

ಒಳಗಿನ ಬಾಗಿಲು ತೆರೆದು ಮೇಡಂ ತಲೆ ಹೊರಹಾಕಿದರು. ಖಾಲಿ ಕುರ್ಚಿಗಳನ್ನು ನೋಡಿದರು, ಅಳುತ್ತಿದ್ದ ನಮ್ಮಿಬ್ಬರನ್ನು ನೋಡಿದರು. "ಅಂತೂ," ಅಂದರು, "ನಿಮ್ಮ ಮನಿಯವರು ಊರಿಗೆ ಬಂದ್ರು."

ವಾಪಸ್ಸು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಅವಳು ಚೀಲದಿಂದ ಡಬ್ಬಿ ತೆಗೆದಳು. ರೊಟ್ಟಿ ಮತ್ತು ಬದನೆಕಾಯಿ ಎಣಗಾಯಿ.

"ಜಗಳಾಡಾಕ ಬರಾಕಿ ಬುತ್ತಿ ಯಾಕ ಕಟಗೊಂಡ ಬಂದಿ?" ಅಂದೆ.

"ಜಗಳಾ ಎಷ್ಟ ಹೊತ್ತ ನಡೀತೈತೋ ಏನೋ ಅಂತ" ಅಂದಳು.

ಎಣಗಾಯಿಯ ಮೇಲೆ ಎಣ್ಣೆ ನಿಂತಿತ್ತು. ಅವಳು ರೊಟ್ಟಿಯ ಚೂರಿನಿಂದ ಒಂದೊಂದೇ ಬದನೆಕಾಯಿ ಒರೆಸಿ, ಎಣ್ಣೆ ಹತ್ತಿದ ಚೂರು ತಾನು ತಿಂದು, ಎಣ್ಣೆ ಹೋದ ಬದನೆಕಾಯಿ ನನಗೆ ಕೊಟ್ಟಳು. "ಅಂಗಡ್ಯಾಗ ಇಷ್ಟ ದಿನ ಏನೇನಾತು? ಏನೂ ಹೇಳೇ ಇಲ್ಲ ನೀವು" ಅಂದಳು. ನಾನು ಬೇಬಿ ಪೌಡರಿನಿಂದ ಶುರು ಮಾಡಿದೆ. ಇಲಿಯನ್ನು ಹೇಳಿದೆ, ಕಾಮಣ್ಣನಿಗಾಗಿ ಅತ್ತದ್ದನ್ನು ಹೇಳಿದೆ, ಹೆಂಡತಿಯೂ ಗೆಳೆಯನೂ ಊರಲ್ಲಿಲ್ಲ ಅಂತ ಮೇಡಂಗೆ ಹೇಳಿದ್ದನ್ನೂ ಹೇಳಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು!

ಬೆಳವಣಕಿ ದಾಟುವಾಗ ಅವಳಿಗೆ ಫೋನು ಬಂತು. ಗಜೇಂದ್ರಗಡದಿಂದ ಕಾಕಾನ ಹೆಂಡತಿ. ಆಕೆಯ ದನಿ ಫೋನಿನಾಚೆಗೂ ಕೇಳುತ್ತಿತ್ತು.

"ಅಲ್ಲವಾ, ನಿಮ್ಮ ಕಾಕಾ ಮುಂಜಾನೆ ನಿಮ್ಮ ಮನಿಗೆ ಅಂತ ಹೊಂಟಾನ. ಪ್ರತಿ ತಿಂಗಳಾ ಬರ್ತಾನಲ್ಲ, ನೀನಽ ಕರೀತಿ ಅಂತ. ಈ ಸಲ ಫೋನ್ ಎತ್ತವಲ್ಲ. ಅಲ್ಲೇ ಅದಾನೇನು?"

ಪ್ರತಿ ತಿಂಗಳೂ ನಮ್ಮ ಮನೆಗೆ ಬರುತ್ತಿದ್ದ ಕಾಕಾನ ಮುಖವನ್ನು ನಾವು ವರ್ಷದಿಂದ ನೋಡಿರಲಿಲ್ಲ. ಅವಳು ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ನೋಡಿದಳು. ನಗು ತಡೆದು ತಡೆದು ಮುಖ ಕೆಂಪಾಗಿತ್ತು. ಆಮೇಲೆ ಫೋನನ್ನು ಕಿವಿಗೆ ಹಚ್ಚಿ, ಬಹಳ ಗಂಭೀರವಾಗಿ ಹೇಳಿದಳು:

"ಏನ್ ಹೇಳ್ಲಿ ಚಿಗವ್ವಾ, ನಾ ಊರಾಗಿಲ್ಲ."